ಬತಾಸಿಯಾದಲ್ಲಿ ಒಂದು ಡಬ್ಬಿ: ಹುತಾತ್ಮ ಗೋರ್ಖಾ ನಮ್ಮವನು, ಬದುಕಿರುವ ಗೋರ್ಖಾ ಯಾರವನು?

ಡಾರ್ಜಿಲಿಂಗ್‌ನಿಂದ ಘೂಮ್‌ಗೆ ಹೋಗಿ ಬರುವ ಟಾಯ್ ಟ್ರೈನ್ ಬತಾಸಿಯಾ ಲೂಪ್‌ನಲ್ಲಿ ಹತ್ತು ನಿಮಿಷ ನಿಲ್ಲುತ್ತೆ. ಮೋಡ ಸರಿದರೆ ಕಾಂಚನಜುಂಗಾ ಜೊತೆ ಒಂದು ಸೆಲ್ಫಿ. ಬಾಡಿಗೆಗೆ ಸಿಗುವ ಗುಡ್ಡಗಾಡಿನ ಉಡುಪು ತೊಟ್ಟು ಇನ್ನೊಂದು. ಹಳಿ ಪಕ್ಕದಲ್ಲೇ ಸ್ವೆಟರ್, ಟೋಪಿ ವ್ಯಾಪಾರ. ಅಷ್ಟರಲ್ಲಿ ಎಂಜಿನ್ ಸೀಟಿ ಹೊಡೆಯುತ್ತೆ, ಎಲ್ಲರೂ ಓಡ್ತಾರೆ. ಇದನ್ನು ನೀವು ರೀಲ್‌ಗಳಲ್ಲಿ ನೋಡಿರ್ತೀರಿ. ಆ ರೀಲ್‌ಗಳ ಹಿನ್ನೆಲೆಯಲ್ಲಿ ಒಂದು ಎತ್ತರದ ಗ್ರಾನೈಟ್ ಸ್ತಂಭ, ಅದರ ಬಳಿ ಒಬ್ಬ ಕಂಚಿನ ಸೈನಿಕ ಕಾಣ್ತಾನೆ. ಸ್ವಾತಂತ್ರ್ಯಾನಂತರ ಭಾರತಕ್ಕಾಗಿ ಪ್ರಾಣ ಕೊಟ್ಟ ಡಾರ್ಜಿಲಿಂಗ್ ಬೆಟ್ಟದ ಗೋರ್ಖಾ ಯೋಧರ ಸ್ಮಾರಕ ಅದು. 1995ರಲ್ಲಿ ಉದ್ಘಾಟನೆಯಾಯಿತು. 70ಕ್ಕೂ ಹೆಚ್ಚು ಹೆಸರುಗಳಿವೆ.

ಹತ್ತು ನಿಮಿಷದಲ್ಲಿ ಅಷ್ಟು ಹೆಸರು ಯಾರು ಓದ್ತಾರೆ? ಪ್ರವಾಸಿಗರನ್ನು ಬೈದು ಪ್ರಯೋಜನ ಇಲ್ಲ. ಸ್ಮಾರಕಗಳ ಸ್ವಭಾವವೇ ಹಾಗೆ. ಬೆಂಗಳೂರಿನ ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಸೇರುವಲ್ಲಿ ಒಂದು ಯುದ್ಧ ಸ್ಮಾರಕ ಇದೆ. ಅದರ ಪಕ್ಕದ ಸಿಗ್ನಲ್‌ನಲ್ಲಿ ನಿಂತವರು ಸಾವಿರಾರು ಜನ, ಅದರ ಮೇಲಿನ ಬರಹ ಓದಿದವರು ಎಷ್ಟು ಮಂದಿ ಹೇಳಿ?

ಹಾಗಾಗಿ ಈ ಹೆಸರುಗಳ ಹತ್ತಿರಕ್ಕೆ ನಾನು ಬೇರೆ ದಾರಿಯಿಂದ ಹೋಗ್ತೀನಿ. ಆ ದಾರಿ ಒಂದು ಆಟ. ಹೆಸರು ಜಿಯೋಕ್ಯಾಶಿಂಗ್.

ಆಟ ಸರಳ. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಡ್ತಾರೆ. ಒಳಗೆ ಒಂದು ಪುಟ್ಟ ನೋಟ್‌ಬುಕ್, ಜಾಗ ಇದ್ದರೆ ಒಂದೆರಡು ಆಟಿಕೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಇಂಟರ್ನೆಟ್‌ನಲ್ಲಿ ಹಾಕ್ತಾರೆ. ಬೇರೆಯವರು ಜಿಪಿಎಸ್ ಹಿಡಿದು ಹುಡುಕ್ತಾರೆ. ಸಿಕ್ಕರೆ ನೋಟ್‌ಬುಕ್‌ನಲ್ಲಿ ಹೆಸರು, ದಿನಾಂಕ ಬರೆದು ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರಬೇಕು. ಒಳಗಿನ ವಸ್ತು ತಗೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಜಗತ್ತಿನಾದ್ಯಂತ ಇಂಥ ಲಕ್ಷಾಂತರ ಡಬ್ಬಿಗಳಿವೆ. ಕೆಲವರು ಅದನ್ನು ಯಾರದಾದರೂ ನೆನಪಿಗೆ ಅರ್ಪಿಸ್ತಾರೆ: ಯುದ್ಧದಲ್ಲಿ ದುಡಿದ ಅಜ್ಜನಿಗೆ, ಊರಿನ ಒಂದು ಪಲ್ಟನ್ನಿಗೆ. ಹಳೆಯ ಬೆಟ್ಟದ ರೈಲೊಂದು ಕೆಳಗೆ ಸುತ್ತಿಕೊಂಡು ಹೋಗುವುದು ಕಾಣುವ ದಿಬ್ಬ ಅಂದರೆ ಈ ಆಟದವರಿಗೆ ವಿಶೇಷ ಪ್ರೀತಿ.

ಈ ಆಟ ಹುಟ್ಟಿದ್ದೇ ಒಂದು ಮಿಲಿಟರಿ ತೀರ್ಮಾನದಿಂದ. ಜಿಪಿಎಸ್ ಅಮೆರಿಕದ ಸೇನೆಯ ಸೊತ್ತು. 2000ದ ಮೇ ಆರಂಭದವರೆಗೆ ಅವರು ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿದ್ದರು. ‘ಸೆಲೆಕ್ಟಿವ್ ಅವೈಲಬಿಲಿಟಿ’ ಅಂತ ಅದಕ್ಕೊಂದು ಮರ್ಯಾದಸ್ಥ ಹೆಸರು. ಉಪಗ್ರಹದಿಂದ ಸಂಕೇತ ಹೊರಟ ಹೊತ್ತು, ರಿಸೀವರ್‌ಗೆ ತಲುಪಿದ ಹೊತ್ತು, ಇವೆರಡರ ಅಂತರದಿಂದ ದೂರ ಲೆಕ್ಕ ಹಾಕುವುದೇ ಜಿಪಿಎಸ್. ಬೆಳಕಿನ ವೇಗದಲ್ಲಿ ಬರುವ ಸಂಕೇತ ಒಂದು ನ್ಯಾನೊಸೆಕೆಂಡ್‌ಗೆ ಸುಮಾರು 30 ಸೆಂಟಿಮೀಟರ್ ಸಾಗುತ್ತೆ. ಗಡಿಯಾರವನ್ನು ಕೊಂಚ ಅಲುಗಾಡಿಸಿದರೆ ಸಾಕು, ನೆಲದ ಮೇಲೆ ಸುಮಾರು ನೂರು ಮೀಟರ್‌ವರೆಗೆ ತಪ್ಪು. 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಇದನ್ನು ನಿಲ್ಲಿಸುವ ಘೋಷಣೆ ಮಾಡಿದರು. ರಾತ್ರಿ ಬೆಳಗಾಗುವುದರೊಳಗೆ ಜಗತ್ತಿನ ಎಲ್ಲ ರಿಸೀವರ್‌ಗಳೂ ಹಲವು ಪಟ್ಟು ನಿಖರವಾದವು. ಮೇ 3ರಂದು ಡೇವ್ ಅಲ್ಮರ್ ಎಂಬಾತ ಅಮೆರಿಕದ ಆರಿಗನ್ ರಾಜ್ಯದ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಬಚ್ಚಿಟ್ಟು ಅದರ ನಿರ್ದೇಶಾಂಕ ಪ್ರಕಟಿಸಿದ. ಒಳಗೆ ಬೇರೆ ಸಾಮಾನಿನ ಜೊತೆ ಒಂದು ಬೀನ್ಸ್ ಡಬ್ಬ. ಅದೇ ಮೊದಲ ಜಿಯೋಕ್ಯಾಶ್.

ಈಗ ತಾರೀಕು ಒಂದು ವರ್ಷ ಹಿಂದಕ್ಕೆ ತಗೊಳ್ಳಿ. 1999ರ ಮೇನಿಂದ ಜುಲೈ. ಕಾರ್ಗಿಲ್. ನಾಗರಿಕ ರಿಸೀವರ್ ಕೈಯಲ್ಲಿದ್ದ ಯಾರಿಗೇ ಆದರೂ ಆಗ ಅದೇ ನೂರು ಮೀಟರ್ ತಪ್ಪು. ಬಯಲಲ್ಲಿ ನೂರು ಮೀಟರ್ ಅಂದರೆ ಪಕ್ಕದ ಹೊಲ. ಕಡಿದಾದ ಏಣಿನ ಮೇಲೆ ನೂರು ಮೀಟರ್ ಅಂದರೆ ಬೆಟ್ಟದ ಆಚೆ ಮಗ್ಗುಲು, ಅಂದರೆ ಶತ್ರುವಿನ ಕಡೆ. ಬೇರೆಯವರ ಗಡಿಯಾರ ನಂಬಿ ಯುದ್ಧ ಮಾಡೋಕಾಗಲ್ಲ ಎಂಬ ಪಾಠವೇ ಮುಂದೆ ಇಸ್ರೋದ ನಾವಿಕ್ ವ್ಯವಸ್ಥೆಯ ಸಮರ್ಥನೆಯಾಯಿತು. ಅದರ ನಿಯಂತ್ರಣ ನಮ್ಮ ಹಾಸನದಲ್ಲಿ, ಸಂಚರಣೆ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಅದರ ಮೊದಲ ಸಾಲಿನ ಉಪಗ್ರಹಗಳಲ್ಲಿ ಕೆಟ್ಟುಹೋದದ್ದೂ ಗಡಿಯಾರಗಳೇ. ಆ ಕಥೆಗೆ ಇನ್ನೊಂದು ಲೇಖನ ಬೇಕು.

ಬತಾಸಿಯಾಗೆ ಬರೋಣ. ಅಲ್ಲೊಂದು ಡಬ್ಬಿ ಇಡೋದಾದರೆ?

ನಿಜವಾದ ಡಬ್ಬಿ ಇಡೋದು ಬೇಡ. ರೈಲು ಓಡುವ ಜಾಗದಲ್ಲಿ ಯಾರೋ ಬಿಟ್ಟುಹೋದ ಡಬ್ಬಿ ಕಂಡರೆ ನಮ್ಮ ದೇಶದಲ್ಲಿ ಏನಾಗುತ್ತೆ ಅಂತ ಪ್ರತಿ ರೈಲು ನಿಲ್ದಾಣದ ಧ್ವನಿವರ್ಧಕ ಹೇಳುತ್ತಲೇ ಇರುತ್ತೆ. ಆಟದ ನಿಯಮವೂ ಓಡುವ ಹಳಿಯ ಹತ್ತಿರ ಡಬ್ಬಿ ಇಡೋದನ್ನು ಒಪ್ಪಲ್ಲ. ಆದರೆ ಈ ಆಟದಲ್ಲಿ ‘ವರ್ಚುವಲ್’ ಅಂತ ಒಂದು ಬಗೆ ಇದೆ. ಡಬ್ಬಿಯೇ ಇರಲ್ಲ. ಆ ಜಾಗಕ್ಕೆ ಹೋದರೆ ಮಾತ್ರ ಉತ್ತರ ಸಿಗುವಂಥ ಪ್ರಶ್ನೆ ಇರುತ್ತೆ. ಉತ್ತರ ಕಳಿಸಿದರೆ ನೀವು ಹುಡುಕಿದ ಹಾಗೆ. ನನಗೆ ಇದು ಹಿಡಿಸೋದು ಯಾಕಂದ್ರೆ, ಇದು ಓದಿಸುತ್ತೆ. ಹಾಗಾದರೆ ಬತಾಸಿಯಾದಲ್ಲಿ ನಿಂತವರಿಗೆ ಏನು ಕೇಳಬೇಕು?

ಸುಲಭದ ಪ್ರಶ್ನೆ ಹಳಿಯದ್ದು: ಇಲ್ಲಿ ರೈಲು ಯಾಕೆ ಸುತ್ತು ಹಾಕುತ್ತೆ? ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆ 1881ರಲ್ಲಿ ಸಿಲಿಗುರಿಯ ಬಯಲಿನಿಂದ ಡಾರ್ಜಿಲಿಂಗ್ ತಲುಪಿತು. ಹಳಿಗಳ ನಡುವೆ ಬರೀ ಎರಡು ಅಡಿ. ಘೂಮ್ ನಿಲ್ದಾಣ 2,258 ಮೀಟರ್ ಎತ್ತರದಲ್ಲಿದೆ, ಭಾರತದ ಅತಿ ಎತ್ತರದ ರೈಲು ನಿಲ್ದಾಣ. ಊಟಿ ರೈಲು ಹತ್ತಿದವರಿಗೆ ಹಳಿಗಳ ಮಧ್ಯದ ಹಲ್ಲಿನ ಪಟ್ಟಿ ನೆನಪಿರಬಹುದು. ಎಂಜಿನ್‌ನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು 12ಕ್ಕೆ 1ರ ಏರು ಹತ್ತುತ್ತೆ. ಡಾರ್ಜಿಲಿಂಗ್‌ನಲ್ಲಿ ಆ ಹಲ್ಲು ಇಲ್ಲ. ನುಣುಪಾದ ಉಕ್ಕಿನ ಮೇಲೆ ನುಣುಪಾದ ಉಕ್ಕು, ಮಳೆಗಾಲದಲ್ಲಿ ಚಕ್ರ ನಿಂತಲ್ಲೇ ತಿರುಗುತ್ತೆ. ಅದಕ್ಕೇ ಹಬೆ ಎಂಜಿನ್‌ನ ಮುಂದುಗಡೆ ಆಳುಗಳು ಕೂತು ಹಳಿಗೆ ಮರಳು ಹಾಕ್ತಾ ಹೋಗ್ತಿದ್ದರು. ಮರಳಿಗೂ ಒಂದು ಮಿತಿ ಇದೆ. ಇಳಿಜಾರು ಅಂದರೆ ಎತ್ತರವನ್ನು ಉದ್ದದಿಂದ ಭಾಗಿಸಿದ್ದು. ಎತ್ತರ ಬದಲಿಸೋಕಾಗಲ್ಲ, ಉದ್ದ ಹೆಚ್ಚಿಸಬಹುದು. ಹಳಿಯನ್ನು ಗುಡ್ಡದ ಸುತ್ತ ತಿರುಗಿಸಿ ತನ್ನ ಮೇಲೇ ದಾಟಿಸಿದರೆ ಅದೇ ಜಾಗದಲ್ಲಿ ಉದ್ದ ಹುಟ್ಟುತ್ತೆ. 1919ರಲ್ಲಿ ಬತಾಸಿಯಾದಲ್ಲಿ ಮಾಡಿದ್ದು ಇದನ್ನೇ. ಆ ಸುತ್ತಿನ ಮಧ್ಯದಲ್ಲಿ ಉಳಿದ ಜಾಗದಲ್ಲೇ ಇವತ್ತು ಸ್ಮಾರಕ ಮತ್ತು ಉದ್ಯಾನ.

ಈ ರೈಲಿಗೂ ಯುದ್ಧದ ನಂಟಿದೆ. ಎರಡನೇ ಮಹಾಯುದ್ಧದಲ್ಲಿ ಘೂಮ್, ಡಾರ್ಜಿಲಿಂಗ್ ಸುತ್ತಲಿನ ಸೇನಾ ಶಿಬಿರಗಳಿಗೆ ಆಳು, ಸಾಮಾನು ಹೊತ್ತದ್ದು ಇದೇ. 1999ರಲ್ಲಿ, ಕಾರ್ಗಿಲ್ ಮುಗಿದ ಕೆಲವೇ ತಿಂಗಳಲ್ಲಿ, ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರಡನೇ ಪ್ರಶ್ನೆ ಕಷ್ಟದ್ದು: ಹೆಸರುಗಳ ಪಟ್ಟಿ ಯಾಕೆ 1947ರ ನಂತರ ಶುರುವಾಗುತ್ತೆ? ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷರ ಪರ ಲಕ್ಷಗಟ್ಟಲೆ ಗೋರ್ಖಾಗಳು ಹೋರಾಡಿದರು. ಅವರು ಈ ಕಲ್ಲಿನ ಮೇಲಿಲ್ಲ. 2019ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕವೂ ಸ್ವಾತಂತ್ರ್ಯಾನಂತರದವರಿಗೇ ಮೀಸಲು. ವಸಾಹತು ಸೇನೆಯಲ್ಲಿ ಸತ್ತವರನ್ನು ಏನಂತ ಕರೆಯಬೇಕು ಎಂಬ ಗೊಂದಲ ನಮಗೆಲ್ಲ ಇದೆ. 1918ರ ಸೆಪ್ಟೆಂಬರ್‌ನಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ವಿಷಯದಲ್ಲೂ ಇದೇ. ದೆಹಲಿಯ ತೀನ್ ಮೂರ್ತಿಯಲ್ಲಿ ಒಂದು ಮೂರ್ತಿ ಮೈಸೂರಿನದ್ದು ಅಂತ ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತು? ಆದರೆ ಬೆಟ್ಟದ ಗೋರ್ಖಾಗಳ ಪಾಲಿಗೆ 1947 ಎಂಬ ಗೆರೆಗೆ ಇನ್ನೊಂದು ಅರ್ಥ ಇದೆ ಅನ್ನೋದು ನನ್ನ ಓದು. ‘ಬ್ರಿಟಿಷರಿಗೆ ಬಾಡಿಗೆಗೆ ಕಾದಿದವರು’ ಎಂಬ ಕುಹಕಕ್ಕೆ ಅಲ್ಲಿ ಜಾಗವೇ ಇಲ್ಲ. ಇವರು ಸತ್ತದ್ದು ಸ್ವತಂತ್ರ ಭಾರತಕ್ಕೆ. ಇದೊಂದು ಶೋಕದ ಕಲ್ಲು ಹೌದು, ಪೌರತ್ವದ ದಾಖಲೆಯೂ ಹೌದು.

ದಾಖಲೆ ತೋರಿಸುವ ಅಗತ್ಯ ಯಾಕೆ ಬಂತು ಅಂತ ಅರ್ಥ ಆಗಬೇಕಾದರೆ ಮೊದಲು ನಮ್ಮ ಕನ್ನಡದ ‘ಗೂರ್ಖಾ’ ಎಂಬ ಪದವನ್ನೇ ನೋಡಿ. ನಮ್ಮ ಬೀದಿಯಲ್ಲಿ ಗೂರ್ಖಾ ಅಂದರೆ ಒಂದು ಜನಾಂಗ ಅಲ್ಲ, ಒಂದು ಕೆಲಸ. ರಾತ್ರಿ ಕೋಲು ಕುಟ್ಟಿ, ಸೀಟಿ ಊದಿ, ತಿಂಗಳಿಗೊಮ್ಮೆ ಬಾಗಿಲಿಗೆ ಬಂದು ದುಡ್ಡು ಕೇಳುವವನು. ಅವನ ಹೆಸರು ಕೇಳಿದವರು ಕಡಿಮೆ. ಅವನು ನೇಪಾಳದವನೋ, ಅಸ್ಸಾಮಿನವನೋ, ಡಾರ್ಜಿಲಿಂಗ್‌ನವನೋ, ನಮಗೆ ಎಲ್ಲಾ ಒಂದೇ. ನಮ್ಮ ಸಿನಿಮಾಗಳಲ್ಲಿ ‘ಶಾಬ್‌ಜೀ’ ಅನ್ನುವ ನಗೆಪಾತ್ರ. ಸೇನೆಯ ರೆಜಿಮೆಂಟ್‌ಗಳ ಹೆಸರಲ್ಲಿರುವ ‘ಗೋರ್ಖಾ’ ಬೇರೆ, ನಮ್ಮ ಗೇಟಿನ ‘ಗೂರ್ಖಾ’ ಬೇರೆ ಎಂಬಂತೆ ನಾವು ಬದುಕ್ತಿದ್ದೀವಿ. ಮೊದಲನೆಯವನಿಗೆ ಸೆಲ್ಯೂಟ್, ಎರಡನೆಯವನಿಗೆ ಹತ್ತಿಪ್ಪತ್ತು ರೂಪಾಯಿ.

ಇತಿಹಾಸ ಚಿಕ್ಕದಾಗಿ ಹೇಳ್ತೀನಿ. 1814-16ರ ಯುದ್ಧದಲ್ಲಿ ನೇಪಾಳದ ಗೋರ್ಖಾ ದೊರೆಗಳ ಸೇನೆಯನ್ನು ಸೋಲಿಸಿದ ಈಸ್ಟ್ ಇಂಡಿಯಾ ಕಂಪನಿ ಅದೇ ಯೋಧರನ್ನು ತನ್ನ ಸೇನೆಗೆ ಸೇರಿಸಿಕೊಂಡಿತು. 1947ರಲ್ಲಿ ಭಾರತ, ಬ್ರಿಟನ್, ನೇಪಾಳ ತ್ರಿಪಕ್ಷೀಯ ಒಪ್ಪಂದ ಮಾಡಿಕೊಂಡವು. ಹತ್ತು ಗೂರ್ಖಾ ರೆಜಿಮೆಂಟ್‌ಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ. ಆಮೇಲೆ ಭಾರತ ಇನ್ನೊಂದನ್ನು ಕಟ್ಟಿ ಏಳು ಮಾಡಿಕೊಂಡಿತು. ಹಾಗಾಗಿ ನಮ್ಮ ಗೋರ್ಖಾ ರೆಜಿಮೆಂಟ್‌ಗಳಲ್ಲಿ ನೇಪಾಳದ ಪ್ರಜೆಗಳೂ ಇದ್ದಾರೆ, ಭಾರತದ ಪ್ರಜೆಗಳೂ ಇದ್ದಾರೆ. ಗೊಂದಲದ ಒಂದು ಬೇರು ಇಲ್ಲಿದೆ.

ಇನ್ನೊಂದು ಬೇರು ನೆಲದಲ್ಲಿದೆ. ಡಾರ್ಜಿಲಿಂಗ್ ಸಿಕ್ಕಿಂಗೆ ಸೇರಿತ್ತು, ಮಧ್ಯೆ ನೇಪಾಳದ ಕೈಗೂ ಹೋಗಿತ್ತು, 1835ರಲ್ಲಿ ಸಿಕ್ಕಿಂನಿಂದ ಬ್ರಿಟಿಷರ ಕೈಗೆ ಬಂತು. ಪಕ್ಕದ ಕಾಲಿಂಪಾಂಗ್ ಬಂದದ್ದು ಭೂತಾನದಿಂದ, 1865ರಲ್ಲಿ. ಚಹಾ ತೋಟಗಳಿಗೆ ಪೂರ್ವ ನೇಪಾಳದಿಂದ ಜನ ಬಂದದ್ದು ನಿಜ. ಆದರೆ ಅಲ್ಲಿ ಜನ ಮಾತ್ರ ವಲಸೆ ಬರಲಿಲ್ಲ, ಗಡಿಯೂ ವಲಸೆ ಬಂತು. ಮೇಲಿಂದ 1950ರ ಭಾರತ-ನೇಪಾಳ ಒಪ್ಪಂದ. ಅದರ ಏಳನೇ ವಿಧಿ ಎರಡೂ ದೇಶದವರಿಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರದ ಹಕ್ಕು ಕೊಡುತ್ತೆ. ಒಳ್ಳೆಯದೇ. ಆದರೆ ನೇಪಾಳಿ ಮಾತಾಡುವ ಭಾರತೀಯನನ್ನು ‘ನೀನು ಒಪ್ಪಂದದ ಮೇಲೆ ಬಂದವನಾ?’ ಅಂತ ಕೇಳೋದಕ್ಕೆ ಅದೇ ಅವಕಾಶ ಮಾಡಿಕೊಟ್ಟಿತು.

1986ರಲ್ಲಿ ಗೋರ್ಖಾಲ್ಯಾಂಡ್ ಚಳವಳಿ ಸ್ಫೋಟಿಸಿದ್ದು ಬರೀ ಪ್ರತ್ಯೇಕ ರಾಜ್ಯಕ್ಕಾಗಿ ಅಲ್ಲ, ಈ ಪ್ರಶ್ನೆಯಿಂದ ಬಿಡುಗಡೆಗಾಗಿ. ಅದರ ನಾಯಕ ಸುಭಾಷ್ ಘೀಸಿಂಗ್ ಸ್ವತಃ ಗೋರ್ಖಾ ರೈಫಲ್ಸ್‌ನಲ್ಲಿ ಸೈನಿಕರಾಗಿದ್ದವರು. 1988ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಸಂವಿಧಾನ ಜಾರಿಯಾದಾಗ ಇಲ್ಲಿ ನೆಲೆಸಿದ್ದ ಗೋರ್ಖಾಗಳು ಭಾರತದ ಪ್ರಜೆಗಳೇ ಅಂತ ಸ್ಪಷ್ಟಪಡಿಸಬೇಕಾಯಿತು. ಸ್ವಾತಂತ್ರ್ಯ ಬಂದು 41 ವರ್ಷ ಆಗಿತ್ತು. ಅಷ್ಟರಲ್ಲಿ ಮೂರ್ನಾಲ್ಕು ಯುದ್ಧ ಮುಗಿದಿತ್ತು. 1992ರಲ್ಲಿ ನೇಪಾಳಿ ಭಾಷೆ ಎಂಟನೇ ಅನುಸೂಚಿಗೆ ಸೇರಿತು. ಅದೇ 71ನೇ ತಿದ್ದುಪಡಿಯಲ್ಲಿ ನಮ್ಮ ಕರಾವಳಿಯ ಕೊಂಕಣಿಯೂ ಸೇರಿದ್ದು. ಕೊಂಕಣಿ ಮಾತಾಡುವವರನ್ನು ಕಾರವಾರದಲ್ಲಿ ಯಾರೂ ‘ಯಾವ ದೇಶ ನಿಮ್ಮದು?’ ಅಂತ ಕೇಳಲ್ಲ.

ಇದೆಲ್ಲ ಹಳೇ ಕಥೆ ಅಂದುಕೊಂಡರೆ, 2023ರ ಜನವರಿಗೆ ಬನ್ನಿ. ಸಿಕ್ಕಿಂನ ಆದಾಯ ತೆರಿಗೆ ವಿನಾಯಿತಿಯ ಪ್ರಕರಣದಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಸಿಕ್ಕಿಂ ನೇಪಾಳಿಗಳನ್ನು ವಿದೇಶಿ ಮೂಲದವರು ಎಂಬರ್ಥದ ಮಾತಿನಲ್ಲಿ ಉಲ್ಲೇಖಿಸಿತು. ಸಿಕ್ಕಿಂ ಹೊತ್ತಿಕೊಂಡಿತು. ಫೆಬ್ರವರಿಯಲ್ಲಿ ಕೋರ್ಟ್ ಆ ಮಾತನ್ನು ತೀರ್ಪಿನಿಂದ ತೆಗೆದುಹಾಕಿತು. ತಿದ್ದಿದ್ದು ಸರಿ. ಆದರೆ ಯಾರೂ ದುರುದ್ದೇಶದಿಂದ ಬರೆದದ್ದಲ್ಲ ಅದು, ಅಭ್ಯಾಸದಿಂದ ಬಂದದ್ದು. ನನಗೆ ಹೆಚ್ಚು ಹೆದರಿಕೆ ಹುಟ್ಟಿಸೋದು ಅದೇ. 2019ರ ಅಸ್ಸಾಂ ಎನ್‌ಆರ್‌ಸಿ ಅಂತಿಮ ಪಟ್ಟಿಯಿಂದ ಹೊರಗುಳಿದ ಸುಮಾರು 19 ಲಕ್ಷ ಜನರಲ್ಲೂ ಗೋರ್ಖಾಗಳಿದ್ದರು.

ರೈಲು ಈ ಜಗಳದಿಂದ ದೂರ ಉಳಿಯಲಿಲ್ಲ. 2017ರಲ್ಲಿ ಶಾಲೆಗಳಲ್ಲಿ ಬಂಗಾಳಿ ಕಡ್ಡಾಯ ಎಂಬ ಸುದ್ದಿಯಿಂದ ಬೆಟ್ಟ ಕೆರಳಿತು. ಬೆಟ್ಟಕ್ಕೆ ಅದು ಅನ್ವಯಿಸಲ್ಲ ಅಂತ ರಾಜ್ಯ ಸರ್ಕಾರ ಹೇಳಿದರೂ ಬೆಂಕಿ ಆರಲಿಲ್ಲ. ಭಾಷಾ ಹೇರಿಕೆ ಅಂದರೆ ಏನು ಅಂತ ಕನ್ನಡಿಗರಿಗೆ ನಾನು ವಿವರಿಸಬೇಕಾಗಿಲ್ಲ. ಹೇರುವ ಕಡೆ ಈ ಸಲ ಇದ್ದದ್ದು ಹಿಂದಿ ಅಲ್ಲ ಅಷ್ಟೇ. ಬಂದ್ 104 ದಿನ ನಡೆಯಿತು. ರೈಲು ನಿಂತಿತು. ಅದೇ ಜುಲೈನಲ್ಲಿ ಸೋನಾದಾ, ಗಯಾಬಾರಿ ನಿಲ್ದಾಣಗಳಿಗೆ ಬೆಂಕಿ ಬಿತ್ತು. ವಿಶ್ವ ಪರಂಪರೆ ಸುಟ್ಟುಹೋಯಿತು ಅಂತ ದೇಶದ ಉಳಿದ ಭಾಗ ಮರುಗಿತು. ಚಳವಳಿಯಲ್ಲಿ ಸತ್ತವರ ಬಗ್ಗೆ ಅಷ್ಟು ಮರುಗಿದ್ದು ನನಗೆ ಕಾಣಲಿಲ್ಲ. ನಿಲ್ದಾಣ ಸುಟ್ಟದ್ದನ್ನು ಸಮರ್ಥಿಸಲ್ಲ ನಾನು. ಆದರೆ ಆ ರೈಲು ನಮಗೆ ನೆನಪಿನ ಪ್ರವಾಸ, ಅವರಿಗೆ ದಿನವೂ ಮನೆಮುಂದೆ ಹಾದುಹೋಗುವ ಬೇರೆಯವರ ಪ್ರವಾಸ.

ಈ ಪಟ್ಟಿಗೆ ಮುಂದೆ ಸೇರುವ ಹೆಸರುಗಳ ಬಗ್ಗೆಯೂ ಒಂದು ಮಾತು. 2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ಸೇವೆ, ಆಮೇಲೆ ಹೆಚ್ಚೆಂದರೆ ಕಾಲುಭಾಗ ಜನ ಉಳೀತಾರೆ. 1947ರ ಒಪ್ಪಂದದಲ್ಲಿ ಇದು ಇರಲಿಲ್ಲ ಅಂತ ನೇಪಾಳ ಭರ್ತಿ ತಡೆಯಿತು. ಕೋವಿಡ್‌ಗೆ ನಿಂತಿದ್ದ ಭರ್ತಿ ಆ ವರ್ಷ ಮತ್ತೆ ಶುರುವಾಗಲಿಲ್ಲ. ನೇಪಾಳಕ್ಕೆ ಬೇಡ ಅನ್ನುವ ಅವಕಾಶವಾದರೂ ಇದೆ. ಡಾರ್ಜಿಲಿಂಗ್‌ನ ಹುಡುಗನಿಗೆ ಅದಿಲ್ಲ. ಚಹಾ ತೋಟದ ಕೂಲಿ, ಬೆಂಗಳೂರಿನ ಹೋಟೆಲ್ಲು, ಸೇನೆ, ಇಷ್ಟರಲ್ಲೇ ಅವನ ಆಯ್ಕೆ. ಅಗ್ನಿವೀರನಾಗಿ ಕರ್ತವ್ಯದಲ್ಲಿ ಸತ್ತರೆ ಕುಟುಂಬಕ್ಕೆ ವಿಮೆ, ಪರಿಹಾರ ಸಿಗುತ್ತೆ. ಕಾಯಂ ಸೈನಿಕನ ಕುಟುಂಬಕ್ಕೆ ಸಿಗುವ ಪಿಂಚಣಿ ಯೋಜನೆಯಲ್ಲಿ ಇಲ್ಲ. ಕಲ್ಲಿನ ಮೇಲೆ ಇಬ್ಬರ ಹೆಸರೂ ಒಂದೇ ಸೈಜಿನ ಅಕ್ಷರದಲ್ಲಿ ಬರಬಹುದು, ಆದರೆ ಮನೆಗೆ ಬರುವ ಕಾಗದ ಬೇರೆ.

ನನ್ನ ಡಬ್ಬಿಯ ವಿಷಯಕ್ಕೆ ಬಂದರೆ, ಒಂದು ತೊಡಕಿದೆ. ಜಿಯೋಕ್ಯಾಶಿಂಗ್‌ನಲ್ಲಿ ಪ್ರತಿ ಡಬ್ಬಿಯನ್ನೂ ಪ್ರಕಟಿಸುವ ಮೊದಲು ಸ್ವಯಂಸೇವಕರು ಪರಿಶೀಲಿಸ್ತಾರೆ, ಮತ್ತು ರಾಜಕೀಯ ಅಜೆಂಡಾ ಇರುವ ಡಬ್ಬಿಗಳಿಗೆ ಅನುಮತಿ ಇಲ್ಲ. ಸತ್ತ ಸೈನಿಕರನ್ನು ಸ್ಮರಿಸಬಹುದು, ಅದು ಗೌರವ. ಅವರ ಮೊಮ್ಮಕ್ಕಳನ್ನು ವಿದೇಶಿ ಅಂದದ್ದು ಯಾಕೆ ಅಂತ ಕೇಳಿದರೆ ಅಜೆಂಡಾ ಆಗುತ್ತೆ. ಆಟದ ನಿಯಮದ ಮೇಲೆ ನನಗೆ ಸಿಟ್ಟಿಲ್ಲ, ಅದು ಆಟ. ನಮ್ಮ ಸುದ್ದಿವಾಹಿನಿಗಳೂ, ನಮ್ಮ ವಾಟ್ಸಾಪ್ ಗುಂಪುಗಳೂ ಇದೇ ನಿಯಮ ಪಾಲಿಸುತ್ತಿರೋದು ಆಶ್ಚರ್ಯ.

ಹಾಗಾಗಿ ಪರಿಶೀಲನೆಯಲ್ಲಿ ಪಾಸಾಗುವಂಥ ಪ್ರಶ್ನೆ ಮಾತ್ರ ಇಡಬಹುದು: ಫಲಕದಲ್ಲಿ ಯಾವುದಾದರೂ ಒಂದು ಹೆಸರು ಆರಿಸಿ, ರ‍್ಯಾಂಕ್ ಸಮೇತ ಪೂರ್ತಿ ಬರೆದು ಕಳಿಸಿ. ಕೊನೆಯಲ್ಲಿ ಥಾಪಾ, ರಾಯ್, ಲಿಂಬು, ತಮಾಂಗ್ ಏನಿದೆ ಅಂತ ಸರಿಯಾಗಿ ನೋಡಿಕೊಳ್ಳಿ. ನಿಮ್ಮ ಬೀದಿಯ ಗೂರ್ಖಾನ ಹೆಸರೂ ಅದರಲ್ಲೊಂದು ಇರಬಹುದು. ಅದನ್ನು ಕೇಳೋಕೆ ಡಾರ್ಜಿಲಿಂಗ್‌ಗೆ ಹೋಗಬೇಕಿಲ್ಲ.